‘ನಮ್ಮ ಆಫೀಸು’ ಅಂದದ್ದಕ್ಕೆ

ಮೈಸೂರಿನ ಮನೆಯಲ್ಲಿ, ನಾನಿನ್ನೂ ಚಿಕ್ಕವಳಿದ್ದಾಗ, ‘ನನ್ನ ಅಮ್ಮ’ ಅಂದರೆ ಅಜ್ಜಿ ಬಿಡುತ್ತಿರಲಿಲ್ಲ. ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಂಟುಗೈಯಲ್ಲೇ ತಲೆಗೊಂದು ಮೊಟಕಿ, “ನಿನ್ನೊಬ್ಬಳಿಗೇನೇ ಅವಳು ಅಮ್ಮ? ಮಿಕ್ಕವರೆಲ್ಲ ಸಂತೇಲಿ ಸಿಕ್ಕಿದವರಾ? ನಮ್ಮಮ್ಮ ಅನ್ನು” ಎನ್ನುತ್ತಿದ್ದರು. ‘ನನ್ನ’ ಅನ್ನುವುದು ಜಂಬ, ‘ನಮ್ಮ’ ಅನ್ನುವುದು ಮರ್ಯಾದೆ. ಹಾಗೆ ಕಲಿತದ್ದರಿಂದ ನಮಗೆ ನಮ್ಮ ಬೀದಿ, ನಮ್ಮ ಹಾಲಿನವನು, ನಮ್ಮ ಡಾಕ್ಟರು ಎಲ್ಲ ಇದ್ದರು. ಡಾಕ್ಟರನ್ನೇನೂ ನಾವು ಕೊಂಡುಕೊಂಡಿರಲಿಲ್ಲ. ಮದುವೆಯಾಗಿ ಧಾರವಾಡದವರ ಮನೆ ಸೇರಿದ ಮೇಲೆ, ಗಂಡನ ಹೆಸರು ಬಾಯಲ್ಲಿ ಬರಬಾರದು ಎಂದು ಅತ್ತೆ ಹೇಳಿದ್ದರಿಂದ, ಗಂಡನೂ ‘ನಮ್ಮವರು’ ಆದರು. ಇಲ್ಲಿಯೂ ಅವರು ಹಾಗೇ ಇರಲಿ.

ಪೀಠಿಕೆ ಉದ್ದವಾಯಿತೇನೋ. ಆದರೆ ಲಂಡನ್ನಿನಲ್ಲಿ ನಾವು ಕೊಂಡ ಮೊದಲ ಮನೆ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಎಂದು ಒದ್ದಾಡಿದ ದಿನಗಳಲ್ಲಿ, ಎಲ್ಲ ಕಡೆ ಕಾಲಿಗೆ ತೊಡರಿದ್ದು ಅಜ್ಜಿ ಕಲಿಸಿದ ಈ ಎರಡಕ್ಷರವೇ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ವೆಂಬ್ಲಿಯಲ್ಲಿ, ಸೀರೆ ಅಂಗಡಿಯೊಂದರ ಮೇಲಿನ ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ನಮ್ಮವರು ಸಿಟಿಯ ಒಂದು ದೊಡ್ಡ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಕಂಟ್ರಾಕ್ಟ್ ಕೆಲಸಕ್ಕೆ ಹೋಗುತ್ತಿದ್ದರು. ಆಗ ಕಂಟ್ರಾಕ್ಟಿನವರೆಲ್ಲ ಮಾಡುತ್ತಿದ್ದಂತೆ ಇವರೂ ಒಂದು ಲಿಮಿಟೆಡ್ ಕಂಪನಿ ತೆರೆದಿದ್ದರು. ಕಂಪನಿ ಅಂದರೆ ಇವರೊಬ್ಬರೇ. ಇವರು ಡೈರೆಕ್ಟರು, ಕಾನೂನಿಗೊಬ್ಬ ಸೆಕ್ರೆಟರಿ ಬೇಕಾದ್ದರಿಂದ ನಾನು ಸೆಕ್ರೆಟರಿ. ಬ್ಯಾಂಕು ಇವರ ದುಡಿಮೆಯ ಹಣವನ್ನು ಏಜೆನ್ಸಿಯ ಮೂಲಕ ಕಂಪನಿಗೆ ಕೊಡುತ್ತಿತ್ತು. ಕಂಪನಿ ಇವರಿಗೆ ಅಷ್ಟಿಷ್ಟು ಸಂಬಳ ಕೊಟ್ಟು, ಮಿಕ್ಕದ್ದನ್ನು ಲಾಭಾಂಶವಾಗಿ ಕೊಡುತ್ತಿತ್ತು. ಹಾಗೆ ಮಾಡಿದರೆ ತೆರಿಗೆಯ ಭಾರ ಕಡಿಮೆ. ಅದಕ್ಕೆ ಬದಲಾಗಿ ರಜೆಗೆ ಸಂಬಳವಿಲ್ಲ, ಜ್ವರ ಬಂದರೆ ಆ ದಿನದ ದುಡಿಮೆ ಹೋಯಿತು, ನಾಳೆಯಿಂದ ಬರಬೇಡ ಅಂದರೆ ಕೇಳುವ ಹಾಗಿಲ್ಲ. ನಾನು ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮಕ್ಕಳನ್ನು ನೋಡಿಕೊಳ್ಳುತ್ತಿದ್ದೆ. ನನ್ನ ಪುಟ್ಟ ಸಂಬಳದ ತೆರಿಗೆ ನನ್ನ ಕೈಗೆ ಬರುವ ಮೊದಲೇ ಕಟ್ಟಾಗುತ್ತಿತ್ತು. ಒಂದೇ ಮನೆಯಲ್ಲಿ ಎರಡು ನ್ಯಾಯ ಎಂದು ನಾನು ಇವರನ್ನು ಆಗಾಗ ಚುಚ್ಚುತ್ತಿದ್ದೆ.

ಆ ಕಂಪನಿಯ ದುಡಿಮೆಯ ಧೈರ್ಯದ ಮೇಲೆ ಗ್ರೀನ್‌ಫರ್ಡಿನಲ್ಲಿ ಮನೆ ಕೊಂಡೆವು. ಸಾಲುಮನೆಗಳಲ್ಲಿ ಒಂದು, ಹಿಂದೆ ಅಂಗೈಯಗಲದ ತೋಟ, ಸ್ವಲ್ಪ ದೂರ ನಡೆದರೆ ಟ್ಯೂಬ್ ರೈಲಿನ ಸ್ಟೇಷನ್ನು. ಆ ಸ್ಟೇಷನ್ನಿನಲ್ಲಿ ಮರದ ಎಸ್ಕಲೇಟರ್ ಇತ್ತು, ಗಾಣದ ಹಾಗೆ ಕಿರ್ರೆನ್ನುತ್ತಿತ್ತು. “ನಮ್ಮ ಸ್ಟೇಷನ್ನಿನ ಎಸ್ಕಲೇಟರು ನಮ್ಮವ್ವನ ತೊಟ್ಟಿಲದಂಗ ಅದ” ಎಂದು ಇವರು ಬಂದವರಿಗೆಲ್ಲ ಹೇಳುತ್ತಿದ್ದರು. ಕಂಪನಿಯ ಹೆಸರು ಹೊರಗೆ ಕಾಣಬೇಕು ಎಂಬ ನಿಯಮವಿದ್ದುದರಿಂದ ಬಾಗಿಲ ಪಕ್ಕದಲ್ಲಿ ಒಂದು ಹಿತ್ತಾಳೆ ಫಲಕ ಬಡಿದರು. ಮರುವಾರವೇ ಪಕ್ಕದ ಮನೆಯ ಮುದುಕಿ ಕೆನ್ನೆ ಹಿಡಿದುಕೊಂಡು ಬೆಲ್ ಒತ್ತಿದರು. ಫಲಕ ನೋಡಿ ದಂತವೈದ್ಯರು ಬಂದಿದ್ದಾರೆ ಅಂದುಕೊಂಡಿದ್ದರಂತೆ. ಲವಂಗದ ಎಣ್ಣೆ ಹಾಕಿ ಕಳಿಸಿದೆ. ಆಮೇಲೆ ನೋವು ಬಂದಾಗಲೆಲ್ಲ ನಮ್ಮ ಕಂಪನಿಗೇ ಬರುತ್ತಿದ್ದರು.

ಮನೆ ಕೊಳ್ಳುವ ಗಡಿಬಿಡಿಯಲ್ಲಿದ್ದಾಗಲೇ ಹೊಸ ಕಾನೂನಿನ ಗಾಳಿಮಾತು ಬಂದಿತ್ತು. ಎರಡು ಸಾವಿರನೇ ಇಸವಿಯ ಏಪ್ರಿಲ್ಲಿನಲ್ಲಿ ಕಾನೂನೇ ಬಂತು. ಸರ್ಕಾರದ ಪ್ರಕಟಣೆಯೊಂದರ ನಂಬರಿನಿಂದ ಅದಕ್ಕೆ ‘ಐಆರ್ ಮೂವತ್ತೈದು’ ಎಂದು ಹೆಸರಾಯಿತು. ಕನ್ನಡದವರು ಸೇರಿದ ಕಡೆ ಅದೇ ಮಾತು. ಯುಗಾದಿ ಊಟದ ಪಂಕ್ತಿಯಲ್ಲಿ ಒಬ್ಬರು ಹೋಳಿಗೆ ಮುರಿಯುತ್ತ, “ನೀವು ಒಳಗಾ, ಹೊರಗಾ?” ಎಂದು ನಮ್ಮವರನ್ನು ಕೇಳಿದರು. ಬಡಿಸುತ್ತಿದ್ದ ನಾನು, “ಹೊರಗಿದ್ದಿದ್ರೆ ಪಂಕ್ತೀಲಿ ಕೂರಿಸ್ತಿದ್ರಾ?” ಅಂದುಬಿಟ್ಟೆ. ಹೆಂಗಸರೆಲ್ಲ ನಕ್ಕರು. ಗಂಡಸರು ನಗಲಿಲ್ಲ.

ಈ ಒಳಗು ಹೊರಗನ್ನು ನನಗೆ ತಿಳಿಯುವಂತೆ ಹೇಳಿದವರು ನಮ್ಮ ಅಕೌಂಟೆಂಟರು. ಗುಜರಾತಿನವರು, ನೈರೋಬಿಯಿಂದ ಬಂದು ವೆಂಬ್ಲಿಯಲ್ಲಿ ಮಿಠಾಯಿ ಅಂಗಡಿಯ ಮೇಲೆ ಆಫೀಸು ಇಟ್ಟಿದ್ದ ಹಿರಿಯರು. “ನೋಡಿ ಬೆಹನ್, ಶುಕ್ರವಾರ ನೌಕರ ಕೆಲಸ ಬಿಡ್ತಾನೆ. ಸೋಮವಾರ ಅದೇ ಕುರ್ಚಿಗೆ ಕಂಪನಿಯಾಗಿ ಬಂದು ಕೂರ್ತಾನೆ. ಕೆಲಸ ಅದೇ, ತೆರಿಗೆ ಮಾತ್ರ ಕಮ್ಮಿ. ಸರ್ಕಾರಕ್ಕೆ ಅದು ಕಣ್ಣಿಗೆ ಬಿದ್ದಿದೆ. ನಡುವೆ ಈ ಕಂಪನಿ ಇಲ್ಲದೇ ಹೋಗಿದ್ದರೆ ನಿಮ್ಮ ಪತಿ ಬ್ಯಾಂಕಿನ ನೌಕರರ ಹಾಗೇ ಇರ್ತಿದ್ದರಾ? ಅದೊಂದೇ ಪ್ರಶ್ನೆ. ಹೌದು ಅಂದರೆ ಕಾನೂನಿನ ಒಳಗೆ, ನೌಕರನ ತೆರಿಗೆ ಪೂರ್ತಿ ಕಟ್ಟಬೇಕು. ಅಲ್ಲ ಅಂದರೆ ಹೊರಗೆ. ಅವರ ಮೇಲೆ ಒಬ್ಬ ಮಾಲಿಕ್ ಇದ್ದಾನಾ ಅಂತ ನೋಡ್ತಾರೆ.”

“ನಮ್ಮಲ್ಲಿ ಗಂಡನನ್ನೇ ಯಜಮಾನ್ರು ಅಂತೀವಿ. ಇವರ ಮೇಲೆ ಇನ್ಯಾರು?” ಅಂದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, “ಇದನ್ನ ಇಲ್ಲೇ ಹೇಳಿ, ಅವರ ಮುಂದೆ ಬೇಡ” ಎಂದರು. ಇವರ ಒಪ್ಪಂದದ ಕಾಗದ ಓದಿ, ಕಂಪನಿ ಬೇರೆ, ಬ್ಯಾಂಕು ಬೇರೆ, ಹಳೆಯ ರೀತಿಯಲ್ಲೇ ನಡೆಸಬಹುದು ಎಂದು ಸಲಹೆ ಕೊಟ್ಟರು. ನಾವು ಹಾಗೇ ನಡೆಸಿದೆವು. ನನಗೆ ಮಾತ್ರ ಒಳಗೊಂದು ಮುಳ್ಳು ಉಳಿಯಿತು. ಎದುರು ಮನೆಯ ಪೋಸ್ಟ್‌ಮ್ಯಾನ್ ಮಂಜಿನಲ್ಲಿ ನಡೆದು ದುಡಿದದ್ದಕ್ಕೆ ಪೂರ್ತಿ ತೆರಿಗೆ ಕಟ್ಟುತ್ತಾನೆ, ನಾವ್ಯಾಕೆ ಕಟ್ಟಬಾರದು ಎಂದು ಒಂದು ದಿನ ಕೇಳಿದೆ. ಇವರು, “ಅವಗ ಕೆಲಸ ಹೋದ್ರ ಕೇಳೋರು ಇದ್ದಾರ. ನಂಗ ಯಾರಿದ್ದಾರ?” ಎಂದರು.

ಉತ್ತರ ಬೇರೆ ಕಡೆಯಿಂದ ಬಂತು. ಎರಡು ವರ್ಷ ಕಳೆದ ಮೇಲೆ ಪೇಟೆ ಬಿದ್ದು, ಬ್ಯಾಂಕು ಖರ್ಚು ಕಡಿಮೆ ಮಾಡತೊಡಗಿತು. ಮೊದಲು ಕಳಿಸಿದ್ದೇ ಕಂಟ್ರಾಕ್ಟಿನವರನ್ನು. ಒಂದು ವಾರದ ನೋಟಿಸು. ಇವರು ಮಧ್ಯಾಹ್ನವೇ ಮನೆಗೆ ಬಂದು, ಕೋಟು ಬಿಚ್ಚದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತರು.

“ಏನಾಯ್ತ್ರೀ?”

“ನಮ್ಮ ಆಫೀಸ್ನ್ಯಾಗ ಎಲ್ಲಾರನ್ನೂ ತಗೀಲಿಕತ್ತಾರ” ಎಂದರು. ತಮ್ಮನ್ನು ತೆಗೆದರು ಎಂದು ಹೇಳಲೇ ಇಲ್ಲ. ನಾನು ಅರ್ಥ ಮಾಡಿಕೊಂಡು ಕಾಫಿಗೆ ನೀರಿಟ್ಟೆ.

ಕೆಲಸ ಹುಡುಕುತ್ತ, ಸಣ್ಣಪುಟ್ಟ ಕಂಟ್ರಾಕ್ಟು ಹಿಡಿಯುತ್ತ ಚಳಿಗಾಲ ಕಳೆದೆವು. ಮನೆಯ ಸಾಲದ ಕಂತು ಹೇಗೋ ಸಾಗುತ್ತಿತ್ತು. ಆಗ ತೆರಿಗೆ ಇಲಾಖೆಯಿಂದ ಕಾಗದ ಬಂತು. ಕಾನೂನು ಬಂದ ಮೇಲೆ ಬ್ಯಾಂಕಿನಲ್ಲಿ ದುಡಿದ ವರ್ಷಗಳ ಲೆಕ್ಕವನ್ನು ಪರಿಶೀಲಿಸುತ್ತೇವೆ, ನಿಮ್ಮನ್ನು ಭೇಟಿಯಾಗಬೇಕು ಎಂದು. ಅಕೌಂಟೆಂಟರು ಮುಚ್ಚಿಡಲಿಲ್ಲ. “ಭಾಯಿ, ನೀವು ನೌಕರ ಅಂತ ತೀರ್ಮಾನವಾದರೆ ಹಿಂದಿನದಕ್ಕೆಲ್ಲ ಸೇರಿಸಿ ಕಟ್ಟಬೇಕು, ಮೇಲೆ ಬಡ್ಡಿ. ಕೈಯಲ್ಲಿ ಏನಿದೆ?” ಇವರು ನನ್ನ ಮುಖ ನೋಡಿದರು. ಮನೆಯೊಂದೇ ಇತ್ತು. ಕೈಯಲ್ಲಿದ್ದುದೆಲ್ಲ ಅದರೊಳಗೇ ಹೋಗಿತ್ತು.

ಭೇಟಿಗೆ ಮುಂಚಿನ ಭಾನುವಾರ ನಮ್ಮ ಹಜಾರದಲ್ಲಿ ತಾಲೀಮು ನಡೆಯಿತು. ಅಕೌಂಟೆಂಟರು ಅಧಿಕಾರಿಯಾದರು, ಇವರು ಇವರೇ ಆದರು.

“‘ಬಾಸ್’ ಅನ್ನಬೇಡಿ, ‘ಕ್ಲಯಂಟ್’ ಅನ್ನಿ. ‘ಕೆಲಸಕ್ಕೆ ಹೋಗ್ತಿದ್ದೆ’ ಅನ್ನಬೇಡಿ, ‘ಸೇವೆ ಒದಗಿಸುತ್ತಿದ್ದೆ’ ಅನ್ನಿ. ರಜೆ ಕೇಳಿದೆ ಅನ್ನಲೇಬೇಡಿ. ನೀವು ಕೇಳಲಿಲ್ಲ, ತಿಳಿಸಿದಿರಿ.”

“ತಿಳಿಸಿದೆ, ತಿಳಿಸಿದೆ” ಎಂದು ಇವರು ಶಾಲೆಯ ಹುಡುಗನ ಹಾಗೆ ಬಾಯಿಪಾಠ ಮಾಡಿದರು. ಸೋಫಾದ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ತಲೆಯೆತ್ತಿ, ಎಂದಿನಂತೆ ಇಂಗ್ಲಿಷಿನಲ್ಲೇ, ಅಪ್ಪ ಯಾವ ನಾಟಕದಲ್ಲಿದ್ದಾರೆ ಎಂದು ಕೇಳಿದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಬಾಯಿಂದ ಮಾತ್ರ ಒಂದು ಪದವೂ ಹೊರಡುತ್ತಿರಲಿಲ್ಲ.

ಭೇಟಿ ನಡೆದದ್ದು ಮಿಠಾಯಿ ಅಂಗಡಿಯ ಮೇಲಿನ ಆ ಆಫೀಸಿನಲ್ಲೇ. ತುಪ್ಪದ ವಾಸನೆ ಮೆಟ್ಟಿಲೇರಿ ಬರುತ್ತಿತ್ತು. ನಾನು ಹುಲಿಯಂಥ ಅಧಿಕಾರಿಯನ್ನು ನಿರೀಕ್ಷಿಸಿದ್ದೆ. ಬಂದವರು ಬೂದು ಸ್ವೆಟರಿನ, ಮೆಲುದನಿಯ ಹೆಂಗಸು. ಚಹಾ ಕೊಟ್ಟರೂ ‘ಲವ್ಲಿ’, ಕಿಟಕಿ ತೆರೆದರೂ ‘ಲವ್ಲಿ’. ನಮ್ಮವರಿಗೆ ಅರ್ಧ ಭಯ ಅಲ್ಲೇ ಇಳಿದುಹೋಯಿತು.

ಅದೇ ತಪ್ಪಾಯಿತು. ಭಯವಿದ್ದಷ್ಟು ಹೊತ್ತು ಪಾಠ ಒಪ್ಪಿಸುವವರು, ಭಯ ಹೋದ ಮೇಲೆ ಮನೆಗೆ ಬಂದ ನೆಂಟರೊಂದಿಗೆ ಮಾತಾಡುವ ಹಾಗೆ ಮಾತಾಡತೊಡಗಿದರು. ಆಕೆ ಕೇಳಿದ್ದೂ ಹಾಗೇ. ಬೆಳಿಗ್ಗೆ ಹೇಗೆ ಹೋಗುತ್ತಿದ್ದಿರಿ? ಊಟ ಎಲ್ಲಿ? ಇವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಆದರೆ ಆ ಇಂಗ್ಲಿಷಿನ ಕೆಳಗೆ ಧಾರವಾಡದ ಕನ್ನಡ ಹರಿಯುತ್ತಿತ್ತು. ನಮ್ಮ ಆಫೀಸು ನಾಲ್ಕನೇ ಮಹಡಿಯಲ್ಲಿ. ನಮ್ಮ ಕ್ಯಾಂಟೀನಿನಲ್ಲಿ ಸಸ್ಯಾಹಾರಿಗಳಿಗೆ ಆಲೂಗಡ್ಡೆಯೇ ಗತಿ. ನಮ್ಮ ಮ್ಯಾನೇಜರು ದೇವರಂಥ ಮನುಷ್ಯ, ನಮ್ಮವ್ವ ತೀರಿಕೊಂಡಾಗ ಮೊದಲು ಊರಿಗೆ ಹೋಗಿ ಬಾ ಅಂದವರು ಅವರೇ. ನಮ್ಮ ಟೀಮಿನವರೆಲ್ಲ ಸೇರಿ ಕಾರ್ಡು ಬರೆದಿದ್ದರು.

ಪ್ರತಿ ‘ನಮ್ಮ’ಕ್ಕೂ ಅಕೌಂಟೆಂಟರು ಕೆಮ್ಮುತ್ತಿದ್ದರು. ನಮ್ಮವರು ಮಾತು ನಿಲ್ಲಿಸಿ ಅವರ ಕಡೆ ನೀರಿನ ಲೋಟ ಸರಿಸಿದರು.

ಕೆಳಗಿಳಿದು ರಸ್ತೆಗೆ ಬಂದದ್ದೇ ಇವರ ಮುಖ ಅರಳಿತ್ತು. “ಒಂದ್ಸಲಾನೂ ಬಾಸ್ ಅಂದಿಲ್ಲ ನೋಡು! ರಜಾ ಕೇಳಿದೆ ಅಂತನೂ ಅಂದಿಲ್ಲ. ಅವರ ಹೋಗು ಅಂದ್ರು ಅಂತ ಹೇಳೀನಿ” ಎಂದರು. ಅಕೌಂಟೆಂಟರು ಅಂಗಡಿಯಿಂದ ಒಂದು ಪೊಟ್ಟಣ ಪೇಡಾ ತಂದು ಮಗಳಿಗೆಂದು ನನ್ನ ಕೈಗಿಟ್ಟರು. ಸಾವಿನ ಮನೆಗೆ ಬಂದವರ ಹಾಗಿತ್ತು ಅವರ ಮುಖ.

ಕೆಲವು ವಾರಗಳ ಮೇಲೆ ಭೇಟಿಯ ಟಿಪ್ಪಣಿ ಬಂತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ‘ನಮ್ಮ ಆಫೀಸು’, ‘ನಮ್ಮ ಮ್ಯಾನೇಜರು’, ‘ನಮ್ಮ ಟೀಮು’ ಎಲ್ಲವೂ ಉದ್ಧರಣ ಚಿಹ್ನೆಯೊಳಗೆ ಕೂತಿದ್ದವು. ಬೇರೆ ಯಾವ ಪದಕ್ಕೂ ಆ ಚಿಹ್ನೆಯಿರಲಿಲ್ಲ. ದಿನಾ ನೋಡುವ ಮನುಷ್ಯನನ್ನು ಪೊಲೀಸರ ನಡುವೆ ಕಂಡಂತಾಯಿತು.

“ನಾ ಏನ ತಪ್ಪು ಹೇಳೀನಿ?” ಎಂದರು ಇವರು.

“ಅವರ ಆಫೀಸು ಅನ್ನಬೇಕಿತ್ತು ರೀ.”

“ದಿನಾ ಹೋಗೋ ಜಾಗಕ್ಕ ಅವರ ಆಫೀಸು ಅಂತಾರೇನು? ಅದು ಉಂಡ ಮನಿಗೆ ಹೆಸರಿಟ್ಟಂಗ ಅಲ್ಲೇನು?”

ಅಲ್ಲಿಂದ ಹೊರಗೆ ಕಳಿಸಿ ಆಗಲೇ ತಿಂಗಳುಗಳಾಗಿದ್ದವು. ಕಳಿಸಿದ ಜಾಗವೂ ಇವರ ಬಾಯಲ್ಲಿ ಇನ್ನೂ ‘ನಮ್ಮ ಆಫೀಸೇ’. ನನಗೆ ಸಿಟ್ಟು ಬಂದದ್ದು ಇವರ ಮೇಲೋ, ಬ್ಯಾಂಕಿನ ಮೇಲೋ ತಿಳಿಯಲಿಲ್ಲ.

ಕಂಪನಿಯ ಸೆಕ್ರೆಟರಿಯಾಗಿ ನಾನೇ ಉತ್ತರ ಬರೆಯುತ್ತೇನೆ ಎಂದು ಕೂತೆ. ಅಕೌಂಟೆಂಟರ ಕಾನೂನಿನ ಮಾತಿನ ಜೊತೆಗೆ ನನ್ನದೂ ಒಂದು ಪುಟ. ನಮ್ಮ ಭಾಷೆಯಲ್ಲಿ ಈ ಪದಕ್ಕೆ ಒಡೆತನದ ಅರ್ಥವಿಲ್ಲ, ಅಲ್ಲಿಗೆ ಸೇರಿದವರು ಎಂಬ ಅರ್ಥವೂ ಇರಬೇಕಿಲ್ಲ, ಅದು ಪರಿಚಯದ ಗುರುತು ಎಂದು ಬರೆದೆ. ನನ್ನ ಗಂಡ ‘ನಮ್ಮ ಸ್ಟೇಷನ್’ ಅನ್ನುತ್ತಾರೆ, ಅವರು ರೈಲ್ವೆಯ ನೌಕರರಲ್ಲ. ‘ನಮ್ಮ ಪೋಸ್ಟ್‌ಮ್ಯಾನ್’ ಅನ್ನುತ್ತಾರೆ, ಆತನ ಧಣಿಯೂ ಅಲ್ಲ. ಭೇಟಿಯಾದ ದಿನದಿಂದ ನಿಮ್ಮನ್ನೂ ಅವರು ‘ನಮ್ಮ ಇನ್‌ಸ್ಪೆಕ್ಟರಮ್ಮ’ ಅಂತಲೇ ಅನ್ನುತ್ತಿದ್ದಾರೆ. ಇದು ಸುಳ್ಳಲ್ಲ, ಅನ್ನುತ್ತಿದ್ದರು. ಮಗಳು ನನ್ನ ಇಂಗ್ಲಿಷನ್ನು ತಿದ್ದಿ ಟೈಪು ಮಾಡಿದಳು. ಮಾಡುತ್ತ ಮಾಡುತ್ತ ನಿಲ್ಲಿಸಿ, ಹಾಗಾದರೆ ‘ನಮ್ಮ ಮನೆ’ ಅಂದರೂ ನಮ್ಮದು ಅಂತ ಅಲ್ಲವಾ ಎಂದು ಕೇಳಿದಳು. ಅವಳು ಕೇಳಿದ್ದು ವ್ಯಾಕರಣ. ನನಗೆ ಕೇಳಿಸಿದ್ದು ಮನೆ. “ಸುಮ್ನೆ ಟೈಪ್ ಮಾಡೇ” ಎಂದು ಗದರಿಸಿದೆ.

ಈ ನಡುವೆ ಇಲಾಖೆಯವರು ಬ್ಯಾಂಕಿನ ಆ ಮ್ಯಾನೇಜರನ್ನೂ ವಿಚಾರಿಸಿದ್ದರು. ಅವರ ಹೇಳಿಕೆಯ ಪ್ರತಿ ಅಕೌಂಟೆಂಟರಿಗೆ ಬಂತು. ಪಾಪ, ಆತ ಇವರಿಗೆ ಒಳ್ಳೆಯದಾಗಲಿ ಎಂದೇ ಮನಸ್ಸು ಬಿಚ್ಚಿ ಹೊಗಳಿದ್ದ. ಸಮಯಕ್ಕೆ ಸರಿಯಾಗಿ ಬರುತ್ತಿದ್ದರು, ಕೊಟ್ಟ ಯಾವ ಕೆಲಸಕ್ಕೂ ಇಲ್ಲ ಅನ್ನಲಿಲ್ಲ, ಹೊಸಬರಿಗೆ ಕಲಿಸುತ್ತಿದ್ದರು, ಅವರನ್ನು ಹೊರಗಿನವರೆಂದು ನಾವು ಒಂದು ದಿನವೂ ಎಣಿಸಲಿಲ್ಲ, ಅವರು ನಮ್ಮವರೇ.

ನಮ್ಮವರು ಆ ಸಾಲಿನ ಮೇಲೆ ಬೆರಳಿಟ್ಟರು. “ನಮ್ಮವನ ಅಂತ ಅಂದಾನ ನೋಡು” ಎಂದರು. ಮುಖದಲ್ಲಿ ಹೆಮ್ಮೆಯಿತ್ತು. ಇದರಿಂದ ಏನಾಗುತ್ತದೆ ಎಂದು ಅವರಿಗೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಒಂದು ಮುಖದಲ್ಲಿ ನಾನು ನೋಡಿದ್ದು ಅದೇ ಮೊದಲು.

ತೀರ್ಮಾನದ ಕಾಗದ ಸೌಜನ್ಯದಿಂದಲೇ ಇತ್ತು. ಭಾಷೆಯ ಬಗ್ಗೆ ಬರೆದ ಪುಟವನ್ನು ಆಸಕ್ತಿಯಿಂದ ಓದಿದೆ, ಪದವೊಂದನ್ನೇ ಹಿಡಿದು ತೀರ್ಮಾನಿಸಿಲ್ಲ ಎಂದು ಆಕೆ ಬರೆದಿದ್ದರು. ಆದರೆ ಕೂತದ್ದು ಬ್ಯಾಂಕಿನ ಮೇಜಿನಲ್ಲಿ, ಹೊತ್ತು ಬ್ಯಾಂಕಿನದು, ಕೆಲಸ ಹೇಳಿದ್ದು ಮ್ಯಾನೇಜರು, ಸ್ವತಂತ್ರ ಕಂಪನಿಯ ಹಾಗೆ ಬೇರೊಬ್ಬರನ್ನು ಬದಲಿಗೆ ಕಳಿಸಿದ್ದು ಒಂದು ದಿನವೂ ಇಲ್ಲ. ಎಲ್ಲ ಸೇರಿಸಿ ನೋಡಿದರೆ ತೆರಿಗೆಯ ಮಟ್ಟಿಗೆ ಇವರು ನೌಕರರೇ.

“ತೆರಿಗೆಯ ಮಟ್ಟಿಗೆ” ಎಂದು ನಾನು ಗಟ್ಟಿಯಾಗಿ ಓದಿದೆ. “ಹಾಗಾದ್ರೆ ಒಂದು ವಾರದ ನೋಟಿಸು ಕೊಟ್ಟಾಗ ಯಾವ ಮಟ್ಟಿಗೆ? ರಜೆಯ ಸಂಬಳ ಯಾವ ಮಟ್ಟಿಗೆ?”

ಅಕೌಂಟೆಂಟರು ಕನ್ನಡಕ ತೆಗೆದು ಒರೆಸುತ್ತ, “ಅದು ಬೇರೆ ಕಾನೂನು, ಬೆಹನ್” ಎಂದರು. ಮೇಲ್ಮನವಿಗೆ ಹೋಗಬಹುದಿತ್ತು. ಹೋಗುವುದಕ್ಕೂ ಹಣ ಬೇಕಿತ್ತು. ತಮ್ಮ ಸಲಹೆ ಕೈಕೊಟ್ಟಿತೆಂದು ಅವರು ಆ ವರ್ಷ ನಮ್ಮಿಂದ ಫೀಸು ತೆಗೆದುಕೊಳ್ಳಲಿಲ್ಲ. ನಾವೂ ಅವರನ್ನು ದೂರಲಿಲ್ಲ. ಇದ್ದ ಕಾಗದ ಓದಿ ಹೇಳಿದ್ದರು. ಕಾಗದದಲ್ಲಿ ಬರೆದಂತೆ ಬದುಕುವುದು ನಮ್ಮವರ ಕೈಲಾಗಿರಲಿಲ್ಲ.

ಮನೆ ಮಾರಿದೆವು. ಅದನ್ನು ಉದ್ದ ಮಾಡಿ ಹೇಳಲು ಮನಸ್ಸಿಲ್ಲ. ಕೊಳ್ಳಲು ಬಂದ ಎಳೆಯ ದಂಪತಿಗಳಿಗೆ ಇವರೇ ಮನೆ ತೋರಿಸಿದರು. ಬಾಯ್ಲರು ಬೆಳಿಗ್ಗೆ ಸ್ವಲ್ಪ ಗೊರಗೊರ ಅನ್ನುತ್ತದೆ, ಹೆದರಬೇಡಿ. ಪಕ್ಕದ ಮನೆಯ ಅಜ್ಜಿಗೆ ಹಲ್ಲುನೋವು, ಲವಂಗದ ಎಣ್ಣೆ ಇಟ್ಟುಕೊಂಡಿರಿ. ಗಮನಿಸಿದೆ, ಇಡೀ ಮನೆ ಸುತ್ತಿದರೂ ಒಮ್ಮೆಯೂ ‘ನಮ್ಮ’ ಬರಲಿಲ್ಲ. ನಿಮ್ಮ ಬಾಯ್ಲರು, ನಿಮ್ಮ ತೋಟ, ನಿಮ್ಮ ಅಜ್ಜಿ. ಇಷ್ಟು ಚೆನ್ನಾಗಿ ಪಾಠ ಕಲಿತವರನ್ನು ಅಕೌಂಟೆಂಟರು ನೋಡಬೇಕಿತ್ತು. ಹಿತ್ತಾಳೆಯ ಫಲಕ ಬಿಚ್ಚಿದಾಗ ಬಾಗಿಲ ಪಕ್ಕ ಮೊಳೆಯ ತೂತುಗಳು ಉಳಿದವು. ಮುಚ್ಚಿಕೊಡುತ್ತೇನೆ ಅಂದರು, ಮರೆತರು.

ಮತ್ತೆ ವೆಂಬ್ಲಿಯ ಬಾಡಿಗೆ ಫ್ಲ್ಯಾಟು. ಕಂಪನಿ ಮುಚ್ಚಿ ಇವರು ಕ್ರಾಯ್ಡನ್ನಿನ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಕಾಯಂ ನೌಕರಿಗೆ ಸೇರಿದರು. ರಜೆಗೆ ಸಂಬಳ, ಪೆನ್ಷನ್ನು, ತೆರಿಗೆ ನನ್ನದರ ಹಾಗೇ ಮೊದಲೇ ಕಟ್ಟು. ಈಗ ಯಾರು ಬಂದು ಕೇಳಿದರೂ ‘ನಮ್ಮ ಆಫೀಸು’ ಅನ್ನಲು ಅಡ್ಡಿಯಿರಲಿಲ್ಲ. ಮೊದಲ ದಿನ ಸಂಜೆ, “ಹೇಗಿತ್ತು ರೀ?” ಎಂದು ಕೇಳಿದೆ.

“ಅವರ ಆಫೀಸು ಚಲೋ ಅದ. ಲಿಫ್ಟ್ ದೊಡ್ಡದದ” ಎಂದರು.

ವರ್ಷಗಟ್ಟಲೆ ಅದು ಅವರ ಆಫೀಸೇ, ಅವರ ಮ್ಯಾನೇಜರೇ. ನಾನು ತಿದ್ದಲಿಲ್ಲ. ಅಜ್ಜಿಯಿದ್ದಿದ್ದರೆ ಮೊಟಕುತ್ತಿದ್ದರು.

ಆಮೇಲೊಂದು ಶನಿವಾರ ನಾವು ಮೂವರೂ ಸ್ನೇಹಿತರ ಮನೆಗೆಂದು ಬಸ್ಸಿನಲ್ಲಿ ಗ್ರೀನ್‌ಫರ್ಡಿನ ಮೂಲಕ ಹೋಗುತ್ತಿದ್ದೆವು. ಮೇಲಿನ ಅಂತಸ್ತಿನಲ್ಲಿ ಮುಂದಿನ ಸೀಟು. ಬಸ್ಸು ಆ ಮನೆಯಿದ್ದ ಬೀದಿಯ ತುದಿಯಲ್ಲಿ ಸಿಗ್ನಲಿಗೆ ನಿಂತಿತು. ನಾನು ಕೈಚೀಲದಲ್ಲಿ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದೆ. ಇವರು ಇನ್ನೊಂದು ಕಡೆ ನೋಡುತ್ತಿದ್ದರು.

“ನಮ್ಮನೆ” ಎಂದಳು ಮಗಳು, ಕಿಟಕಿಗೆ ಬೆರಳು ಹಚ್ಚಿ. ಕನ್ನಡದಲ್ಲೇ ಅಂದಳು.

ಇವರು ನಿಧಾನವಾಗಿ ತಿರುಗಿದರು. ಸಿಗ್ನಲ್ಲು ಇನ್ನೂ ಕೆಂಪಿತ್ತು. ಕೊಳ್ಳುವವರ ಮುಂದೆ ಕಲಿತ ಪಾಠವೆಲ್ಲ ಎಲ್ಲಿ ಹೋಯಿತೋ.

“ಹೌದಲಾ. ನಮ್ಮ ಬಾಗಲಕ್ಕ ಹಸರ ಬಣ್ಣ ಹಚ್ಚ್ಯಾರ ನೋಡು” ಎಂದರು.